ಎರಡು ನಿಮಿಷದ ಕೆಲಸ

ನಮ್ಮ ದೊಡ್ಡತ್ತೆಯ ವಯಸ್ಸಿನಲ್ಲಿ ಐದು ವರ್ಷ ಇಳಿಸುವುದಕ್ಕಾಗಿ ನಾನು ಒಂಬತ್ತು ರಾತ್ರಿ ನಿದ್ದೆಗೆಟ್ಟಿದ್ದೇನೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ಹೇಳಿದ್ದು ಎರಡು ನಿಮಿಷದ ಕೆಲಸ.

2001ರಲ್ಲಿ ದೊಡ್ಡಪ್ಪ ನಮ್ಮ ಮನೆತನದ ವಂಶಾವಳಿಯನ್ನು 48 ಪುಟಗಳ ಪುಸ್ತಿಕೆಯಾಗಿ ತಂದರು. ಊರೂರು ತಿರುಗಿ ಜಾತಕ, ಕ್ರಯಪತ್ರ, ಹಳೆಯ ಲಗ್ನಪತ್ರಿಕೆ ಎಲ್ಲವನ್ನೂ ಕಲೆಹಾಕಿ ಬರೆದವರು ಅವರು. ಟೈಪ್ ಮಾಡಿ ಪುಟ ಕಟ್ಟಿದವನು ನಾನು. ಬಂಧುಬಳಗದಲ್ಲಿ ಆಗ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ, ಮೊಮ್ಮಕ್ಕಳ ಹೆಸರು ಸೇರಿಸಿ ಅದನ್ನು ಮತ್ತೆ ಅಚ್ಚು ಹಾಕಿಸಬೇಕೆಂಬ ಮಾತು ಬಂತು. ಹೋಳಿಗೆ ಬಡಿಸುವ ಹೊತ್ತಿಗೆ ಎಲ್ಲರೂ ಒಪ್ಪಿಯಾಗಿತ್ತು. ದೊಡ್ಡತ್ತೆ ಮಾತ್ರ ತುಪ್ಪಕ್ಕೆ ಕೈ ಅಡ್ಡ ಹಿಡಿಯುತ್ತಲೇ ಒಂದು ಷರತ್ತು ಹಾಕಿದರು.

"ನಾನು ಹುಟ್ಟಿದ್ದು 1942 ಎಂದು ನೀನು ತಪ್ಪು ಟೈಪ್ ಮಾಡಿದ್ದೀಯ. ಅದು 1947. ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ? ಎರಡು ತೆಗೆದು ಏಳು ಹಾಕು. ಎರಡು ನಿಮಿಷದ ಕೆಲಸ."

"ಇದೆ ಅತ್ತೆ" ಎಂದುಬಿಟ್ಟೆ.

ಇದ್ದದ್ದು ನಿಜ. 'ಹೊಸ ಲ್ಯಾಪ್‌ಟಾಪ್' ಎಂಬ ಫೋಲ್ಡರಿನೊಳಗೆ 'ಹಳೆಯ ಲ್ಯಾಪ್‌ಟಾಪ್', ಅದರೊಳಗೆ 'ಹಳೆಯ ಕಂಪ್ಯೂಟರ್', ಅದರೊಳಗೆ 'ಬೇಡದ್ದು', ಅದರೊಳಗೆ ವಂಶಾವಳಿ. ಫೈಲಿನ ವಂಶಾವಳಿಯೂ ನಮ್ಮದರಷ್ಟೇ ಉದ್ದವಾಗಿತ್ತು. ತೊಂದರೆಯೆಂದರೆ, ಅದು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ 6.5ರಲ್ಲಿ ಮಾಡಿದ ಫೈಲು. ಒಂದು ಕಾಲಕ್ಕೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ನಾಮಕರಣದ ಕಾರ್ಡಿನಿಂದ ವೈಕುಂಠ ಸಮಾರಾಧನೆಯ ಕಾರ್ಡಿನವರೆಗೆ ಮನುಷ್ಯನ ಇಡೀ ಆಯುಷ್ಯ ಪೇಜ್‌ಮೇಕರಿನಲ್ಲೇ ಕಳೆಯುತ್ತಿತ್ತು. ಈಗ ಪೇಜ್‌ಮೇಕರಿಗೇ ಸಮಾರಾಧನೆ ಮುಗಿದಿದೆ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಹೊಸ ಆವೃತ್ತಿಗಳು ಆ ಫೈಲನ್ನು ದೂರದ ನೆಂಟನಂತೆ ನೋಡಿ, ಗುರುತು ಸಿಗಲಿಲ್ಲ ಎನ್ನುತ್ತವೆ.

ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನನ್ನು ಕೇಳಿದೆ. "ಮಾಮ, ಒಂದು ವರ್ಚುವಲ್ ಯಂತ್ರ ಮಾಡಿಕೊಳ್ಳಿ. ಲ್ಯಾಪ್‌ಟಾಪಿನೊಳಗೆ, ಇಲ್ಲದ ಇನ್ನೊಂದು ಕಂಪ್ಯೂಟರ್ ಇದೆ ಎಂದು ತಂತ್ರಾಂಶ ನಟಿಸುತ್ತದೆ. ಅದರಲ್ಲಿ ವಿಂಡೋಸ್ 98 ಹಾಕಿ, ಅದರ ಮೇಲೆ ಪೇಜ್‌ಮೇಕರ್ ಹಾಕಿ, ಅಷ್ಟೇ" ಎಂದ. ಹೆಂಡತಿ ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದಳು. "ಪುಸ್ತಿಕೆಯನ್ನು ಎದುರಿಗೆ ಇಟ್ಟುಕೊಂಡು ಹೊಸದಾಗಿ ಟೈಪ್ ಮಾಡಿದರೆ ಮೂರು ದಿನ ಸಾಕಲ್ಲವೆ?" ಎಂದಳು. ಮಾವ ಅಳಿಯ ಇಬ್ಬರೂ ಅವಳ ಅಜ್ಞಾನಕ್ಕೆ ಮರುಗಿದೆವು.

ವಿಂಡೋಸ್ 98ರ ಸಿ.ಡಿ. ಬಾಲ್ಕನಿಯಲ್ಲಿ ಸಿಕ್ಕಿತು. ಪಾರಿವಾಳಗಳು ಬರದಿರಲೆಂದು ಹೆಂಡತಿ ಅದನ್ನು ನಾಲ್ಕು ಭಕ್ತಿಗೀತೆಗಳ ಜೊತೆಗೆ ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದಳು. 1998ರ ಜೂನ್ 25ರಂದು ಮಾರುಕಟ್ಟೆಗೆ ಬಂದು, 2006ರ ಜುಲೈ 11ಕ್ಕೆ ಕಂಪನಿಯ ಬೆಂಬಲವನ್ನೂ ಕಳೆದುಕೊಂಡಿದ್ದ ಆ ವ್ಯವಸ್ಥೆಗೆ ನಮ್ಮ ಮನೆಯಲ್ಲಿ ಇಷ್ಟಾದರೂ ಉದ್ಯೋಗ ಸಿಕ್ಕಿತ್ತು. ಒರೆಸಿ ಹಾಕಿದರೆ ಓದಿತು. ಅದರ 25 ಅಕ್ಷರಗಳ ಪರವಾನಗಿ ಸಂಖ್ಯೆ ಸಿ.ಡಿ.ಯ ಜೊತೆ ಬಂದಿದ್ದ ಕೈಪಿಡಿಯ ರಟ್ಟಿನ ಮೇಲಿತ್ತು. ಶಾಯಿ ಮಾಸಿ, 'ಬಿ' ಯಾವುದು 8 ಯಾವುದು ಎಂದು ತಿಳಿಯುತ್ತಿರಲಿಲ್ಲ. ಅಂಥವು ನಾಲ್ಕಿದ್ದವು. ಎರಡರ ನಾಲ್ಕನೆಯ ಘಾತ ಹದಿನಾರು ಎಂಬುದನ್ನು ಶಾಲೆ ಬಿಟ್ಟ ಮೇಲೆ ನಾನು ಮೊದಲ ಬಾರಿಗೆ ಉಪಯೋಗಿಸಿದ್ದು ಅಂದು. ಹನ್ನೊಂದನೆಯ ಪ್ರಯತ್ನಕ್ಕೆ ಬಾಗಿಲು ತೆರೆಯಿತು.

ಇಲ್ಲಿ ನನ್ನ ಔದಾರ್ಯ ನನಗೇ ಮುಳುವಾಯಿತು. ವಿಂಡೋಸ್ 98 ನಡೆಯಲು ಕನಿಷ್ಠ 16 ಎಂಬಿ ಮೆಮೊರಿ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ 16 ಜಿಬಿ, ಅಂದರೆ ಸರಿಯಾಗಿ 1024 ಪಟ್ಟು ಇದೆ. ಪಾಪ, ಆ ಕಾಲದಲ್ಲಿ ಅರೆಹೊಟ್ಟೆಯಲ್ಲಿ ದುಡಿದ ಜೀವ, ಈಗಲಾದರೂ ಉಂಡುಕೊಂಡಿರಲಿ ಎಂದು 2 ಜಿಬಿ ಕೊಟ್ಟೆ. ಅದು ಏಳುವ ಮೊದಲೇ 'ಮೆಮೊರಿ ಸಾಲದು' ಎಂದು ಪರದೆಯ ಮೇಲೆ ಬರೆದು ಮಲಗಿಬಿಟ್ಟಿತು. ಇನ್ನೊಂದು ಜಿಬಿ ಸೇರಿಸಿದೆ. ಇನ್ನೂ ಸಾಲದಂತೆ. ನಮ್ಮ ಕಡೆಯ ನೆಂಟರಲ್ಲೂ ಇಂಥವರಿದ್ದಾರೆ, ಹೆಸರು ಬೇಡ.

ಕಾರಣ ತಿಳಿಯಲು ಒಂದಿಡೀ ರಾತ್ರಿ ಹೋಯಿತು. ಎಷ್ಟು ಮೆಮೊರಿ ಕಂಡರೆ ಅಷ್ಟಕ್ಕೂ ತಕ್ಕಂತೆ ಅದು ಡಿಸ್ಕ್ ಕ್ಯಾಶ್‌ಗೆಂದು, ಅಂದರೆ ಡಿಸ್ಕಿನಿಂದ ಓದಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲೆಂದು, ಮೆಮೊರಿಯ ವಿಳಾಸಗಳನ್ನು ಮೀಸಲಿಡುತ್ತದೆ. ಕೊನೆಗೆ ಉಳಿದ ಕೆಲಸಕ್ಕೆ ವಿಳಾಸವೇ ಇರುವುದಿಲ್ಲ. ಜಾತ್ರೆಯ ಬಸ್ಸಿಗೆ ಕಿಟಕಿಯಿಂದಲೇ ಎಲ್ಲ ಸೀಟಿಗೂ ಟವೆಲ್ ಹಾಕಿ, ಒಳಗೆ ಬಂದ ಮೇಲೆ ಕೂರಲು ಜಾಗವಿಲ್ಲ ಎಂದು ಗೋಳಾಡುವವರ ಹಾಗೆ. 512 ಎಂಬಿ ದಾಟಿದರೆ ಈ ಕಾಯಿಲೆ ಶುರುವಾಗಬಹುದು. 256ಕ್ಕೆ ಇಳಿಸಿದೆ. ಅರ್ಧ ಲೋಟ ಕಾಫಿ ಸಿಕ್ಕಿದ ಅಜ್ಜನಂತೆ ಎದ್ದು ಕುಳಿತಿತು.

ಅಷ್ಟಾದರೂ ನೆಮ್ಮದಿಯಿಲ್ಲ. ಇಂದಿನ ಪ್ರೊಸೆಸರ್‌ಗಳ ವೇಗ ಆ ತಲೆಮಾರಿಗೆ ತಲೆಸುತ್ತು ಬರಿಸುತ್ತದೆ. ಇದರ ಅಣ್ಣ ವಿಂಡೋಸ್ 95ರದಂತೂ ಪ್ರಸಿದ್ಧ ಕಥೆ: 2.1 ಗಿಗಾಹರ್ಟ್ಸ್ ಮುಟ್ಟಿದ ಪ್ರೊಸೆಸರ್ ಸಿಕ್ಕರೆ, ವೇಗ ಅಳೆಯಲು ಇಟ್ಟ ಲೆಕ್ಕ ಕಣ್ಣುಮಿಟುಕಿಸುವುದರೊಳಗೆ ಮುಗಿದು, ಹಿಡಿದ ಸಮಯ ಸೊನ್ನೆ ಎಂದು ಬಂದು, ಸೊನ್ನೆಯಿಂದ ಭಾಗಿಸಲು ಹೋಗಿ ಬಿದ್ದುಬಿಡುತ್ತಿತ್ತು. ಸೊನ್ನೆಯಿಂದ ಭಾಗಿಸಬಾರದು ಎಂದು ನಮ್ಮ ಗಣಿತದ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದರ ಹಿಂದೆ ಇಷ್ಟು ದೂರದೃಷ್ಟಿ ಇತ್ತೆಂದು ನನಗೆ ತಿಳಿದಿರಲಿಲ್ಲ. ಇಂಥ ರೋಗಗಳಿಗೆಲ್ಲ ಹವ್ಯಾಸಿಗಳು ತೇಪೆ ಬರೆದಿಟ್ಟಿದ್ದಾರೆ. ಹಾಕಿದೆ. ಹೀಗೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪನ್ನು ಬಗ್ಗಿಸಿ, ಕುಗ್ಗಿಸಿ, 2001ರಲ್ಲಿ ನಾನು ದಿನಾ ಬೈಯುತ್ತಿದ್ದ ಯಂತ್ರದ ಮಟ್ಟಕ್ಕೆ ತರುವಲ್ಲಿ ನಾಲ್ಕನೆಯ ರಾತ್ರಿ ಯಶಸ್ವಿಯಾದೆ.

ಇಲಿಯ ಕಥೆ ಹೇಳಲೇಬೇಕು. ವರ್ಚುವಲ್ ಯಂತ್ರದ ಕಿಟಕಿಯೊಳಗೆ ಒಮ್ಮೆ ಒತ್ತಿದರೆ ಮೌಸ್ ಒಳಗೇ ಬಂಧಿಯಾಗುತ್ತದೆ. ಹೊರಗೆ ಬರಬೇಕೆಂದರೆ ಕೀಬೋರ್ಡಿನ ಬಲಗಡೆಯ ಕಂಟ್ರೋಲ್ ಕೀ ಒತ್ತಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಬಲಗಡೆ ಕಂಟ್ರೋಲ್ ಕೀಯೇ ಇಲ್ಲ. ಇದು ಗೊತ್ತಾದದ್ದು ಬೆಳಗ್ಗೆ ಒಂಬತ್ತೂ ಐವತ್ತೆಂಟಕ್ಕೆ. ಹತ್ತಕ್ಕೆ ಕಚೇರಿಯ ವಿಡಿಯೊ ಸಭೆ. ಬೋನಿಗೆ ಬಿದ್ದ ಇಲಿ ಹದಿನಾರು ಬಣ್ಣಗಳ ಆ ಪುಟ್ಟ ಪರದೆಯೊಳಗೆ ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು. ಕೊನೆಗೆ ವಿದ್ಯುತ್ ಗುಂಡಿಯನ್ನೇ ಅದುಮಿ ಹಿಡಿದು ಇಡೀ ಲ್ಯಾಪ್‌ಟಾಪನ್ನು ಕೊಂದೆ. ಸಭೆಗೆ ಏಳು ನಿಮಿಷ ತಡವಾಗಿ ಹೋಗಿ, ಕರೆಂಟ್ ಹೋಗಿತ್ತು ಎಂದೆ. ಅದೇ ಬಡಾವಣೆಯಲ್ಲಿರುವ ಸಹೋದ್ಯೋಗಿ ನನ್ನತ್ತ ಮೌನವಾಗಿ ನೋಡಿದರು.

ಅಂದು ರಾತ್ರಿ ವಿಂಡೋಸ್ 98 ಏಳುವಾಗ, ಸರಿಯಾಗಿ ಮುಚ್ಚದೆ ಹೋಗಿದ್ದಕ್ಕೆ ನನ್ನನ್ನು ಆಕ್ಷೇಪಿಸಿ, ಡಿಸ್ಕ್ ತಪಾಸಣೆ ಮಾಡುವ ಸ್ಕ್ಯಾನ್‌ಡಿಸ್ಕ್ ಓಡಿಸಿತು. ಆ ನೀಲಿ ಪರದೆ, ಹಳದಿ ಪಟ್ಟಿ ನೋಡಿ ಕಣ್ಣು ತುಂಬಿ ಬಂತು. 2001ರಲ್ಲಿ ನಮ್ಮೂರಿನ ಲೋಡ್ ಶೆಡ್ಡಿಂಗ್ ದಯೆಯಿಂದ ದಿನಕ್ಕೆ ಮೂರು ಸಲ ಈ ಬೈಗುಳ ಕೇಳುತ್ತಿದ್ದೆವು. ಈ ವ್ಯವಸ್ಥೆಯಲ್ಲಿ ಇನ್ನೊಂದು ದೋಷವಿತ್ತು: ಮಿಲಿಸೆಕೆಂಡುಗಳ ಎಣಿಕೆ 32 ಬಿಟ್‌ಗಳಲ್ಲಿ ತುಂಬಿ ಹರಿಯುವುದರಿಂದ, ನಿಲ್ಲಿಸದೆ 49.7 ದಿನ ಓಡಿಸಿದರೆ ಸ್ತಬ್ಧವಾಗಬಹುದಿತ್ತು. ನಮ್ಮಲ್ಲಿ ಯಾರಿಗೂ ಅದು ಗೊತ್ತೇ ಆಗಲಿಲ್ಲ. 49 ಗಂಟೆ ಸತತ ಕರೆಂಟ್ ಇದ್ದರೆ ತಾನೆ?

ಫೈಲನ್ನು ಒಳಗೆ ಕಳಿಸುವುದು ಮುಂದಿನ ಗೋಳು. ಪೆನ್‌ಡ್ರೈವ್ ಅಂದರೇನೆಂದು ಅದಕ್ಕೆ ತಿಳಿಯದು. ಪ್ರತಿಯೊಂದಕ್ಕೂ ಬೇರೆ ಡ್ರೈವರ್ ಕೇಳುತ್ತದೆ. ಹೊಸ ಸಾಧನ ಜೋಡಿಸುವ ವಿಷಯದಲ್ಲಿ ಅದರ ಜಾತಕವೇ ಅಷ್ಟು. 1998ರ ಏಪ್ರಿಲ್‌ನಲ್ಲಿ ಶಿಕಾಗೊದ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ಸ್ಕ್ಯಾನರ್ ಜೋಡಿಸಿದ ಕೂಡಲೇ ಕುಸಿದುಬಿದ್ದು ನೀಲಿ ಪರದೆ ತೋರಿಸಿದ ಮಹಾನುಭಾವ ಇದು. ಯಜಮಾನನ ಎದುರೇ ಹಾಗೆ ಮಾಡಿದ್ದು ನನ್ನ ಮುಖ ನೋಡಿ ನಾಚುತ್ತದೆಯೆ? ಫೈಲನ್ನು ಸಿ.ಡಿ. ಪ್ರತಿಬಿಂಬವಾಗಿ ಮಾಡಿ, ಇಲ್ಲದ ಸಿ.ಡಿ.ಯನ್ನು ಇಲ್ಲದ ಡ್ರೈವಿಗೆ ಹಾಕಿ ಒಳಗೆ ದಾಟಿಸಿದೆ.

ಪೇಜ್‌ಮೇಕರ್ ತೆರೆಯಿತು. ವಂಶಾವಳಿಯೂ ತೆರೆಯಿತು. ಓದಲು ಮಾತ್ರ ಬರಲಿಲ್ಲ.

ವಿಂಡೋಸ್ 98ಕ್ಕೆ ಕನ್ನಡ ಗೊತ್ತಿರಲಿಲ್ಲ. ಪ್ರತಿ ಲಿಪಿಗೂ ತನ್ನದೇ ಸಂಕೇತ ಕೊಡುವ ಯೂನಿಕೋಡಿನ ಸ್ವಂತ ಮನೆಗೆ ಹೋಗುವ ಮುನ್ನ ನಮ್ಮ ಲಿಪಿ ಅಲ್ಲಿ ರೋಮನ್ ಅಕ್ಷರಗಳ ಕೋಣೆಗಳಲ್ಲಿ ಬಾಡಿಗೆಗಿತ್ತು. ಸರಿಯಾದ ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ಮನೆಯ ಮಾಲೀಕರೇ ಹೊರಗೆ ಬಂದು ನಿಲ್ಲುತ್ತಾರೆ. ನಾನು ಫಾಂಟ್ ಹಾಕುವುದನ್ನೇ ಮರೆತಿದ್ದೆ. ತಲೆಯ ಮೇಲೆ ಓರೆಗೆರೆ ಹೊತ್ತ ಫ್ರೆಂಚ್ ಅಕ್ಷರಗಳು, ನಡುವೆ ಒಂದೊಂದು ಜರ್ಮನ್ ಅಕ್ಷರ, 'ನ' ಇರಬೇಕಾದ ಕಡೆಯಲ್ಲೆಲ್ಲ ಬ್ರಿಟಿಷರ ಪೌಂಡಿನ ಚಿಹ್ನೆ. 'ಕನ್ನಡ' ಎಂಬ ಪದದ ಮಧ್ಯದಲ್ಲೇ ಪೌಂಡ್! ನಮ್ಮ ಪೂರ್ವಿಕರೆಲ್ಲ ಯುರೋಪಿನಿಂದ ಸಾಲಸಮೇತ ವಲಸೆ ಬಂದವರಂತೆ ಕಂಡರು. ಅಂಕಿಗಳಿಗೆ ಮಾತ್ರ ಈ ವೇಷವಿರಲಿಲ್ಲ. ಅಷ್ಟೂ ಗೋಜಲಿನ ನಡುವೆ, 23ನೆಯ ಪುಟದಲ್ಲಿ, ಸ್ಫಟಿಕದಷ್ಟು ಸ್ಪಷ್ಟವಾಗಿ ಹೊಳೆಯುತ್ತಿತ್ತು: 1942.

ಫಾಂಟ್ 'ಬೇಡದ್ದು' ಫೋಲ್ಡರಿನಲ್ಲೇ ಸಿಕ್ಕಿತು. ಹಾಕಿದ ಕೂಡಲೇ ಫ್ರೆಂಚರು, ಜರ್ಮನರು ಎದ್ದುಹೋಗಿ ಅಜ್ಜ, ಮುತ್ತಜ್ಜಂದಿರು ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಮೊಮ್ಮಕ್ಕಳ ಹೆಸರು ಸೇರಿಸಲು ಕುಳಿತಾಗ ಇನ್ನೊಂದು ಸಂತೋಷ ಕಾದಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅಂದೂ ಅದೇ, ಇಂದೂ ಅದೇ. ಈ ಒಂಬತ್ತು ರಾತ್ರಿಗಳಲ್ಲಿ ತಕರಾರಿಲ್ಲದೆ ಕೆಲಸ ಮಾಡಿದ್ದು ನನ್ನ ಹತ್ತು ಬೆರಳುಗಳು ಮಾತ್ರ.

23ನೆಯ ಪುಟಕ್ಕೆ ಬಂದೆ. ಪೇಜ್‌ಮೇಕರಿನಲ್ಲಿ ಪುಟದ ಆಚೀಚೆ ಖಾಲಿ ಜಾಗವಿರುತ್ತದೆ. ಅಲ್ಲಿ ಇಟ್ಟದ್ದು ಪರದೆಯಲ್ಲಿ ಕಾಣುತ್ತದೆ, ಅಚ್ಚಿನಲ್ಲಿ ಬರುವುದಿಲ್ಲ. ಆಗ ದೊಡ್ಡಪ್ಪ ಕರಡು ತಿದ್ದುತ್ತ ಹೇಳಿದ್ದನ್ನೆಲ್ಲ ನಾನು ಮರೆಯದಿರಲೆಂದು ಅಲ್ಲೇ ಟೈಪ್ ಮಾಡಿಡುತ್ತಿದ್ದೆ. ಆ ಪುಟದ ಪಕ್ಕದಲ್ಲಿ ಒಂದು ಟಿಪ್ಪಣಿ ಇತ್ತು: "ಕ್ವಿಟ್ ಇಂಡಿಯಾ ವರ್ಷ ಹುಟ್ಟಿದವಳು. ಸ್ವಾತಂತ್ರ್ಯ ಬಂದ ವರ್ಷ ಹಾಕಿ ಅನ್ನುತ್ತಾಳೆ. ಮೂರು ಸಲ ಹೇಳಿ ಕಳಿಸಿದ್ದಾಳೆ. ಇರುವುದೇ ಇರಲಿ."

ದೊಡ್ಡಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವರ ದನಿ ಆ ಇಲ್ಲದ ಕಂಪ್ಯೂಟರಿನಿಂದ ಹಾಗೆಯೇ ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ದೊಡ್ಡಪ್ಪನಿಗೆ ಅಂಜಬೇಕೋ ದೊಡ್ಡತ್ತೆಗೋ ಎಂದು ಯೋಚಿಸಿ, ಇರುವವರಿಗೇ ಅಂಜುವುದು ಕ್ಷೇಮವೆಂದು ಎರಡು ತೆಗೆದು ಏಳು ಹಾಕಿದೆ. ನಿಜಕ್ಕೂ ಎರಡು ನಿಮಿಷ ಹಿಡಿಯಲಿಲ್ಲ.

ಹೊರಗೆ ತರಲು ಮತ್ತೆರಡು ರಾತ್ರಿ. ಇಲ್ಲದ ಪ್ರಿಂಟರಿಗೆ, ಪ್ರಿಂಟರುಗಳ ಭಾಷೆಯಾದ ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಅಚ್ಚು ಹಾಕಿಸಿದೆ. 11 ಎಂಬಿ ಆಯಿತು. ಅದನ್ನು ಸಾಗಿಸಲು ಗೊತ್ತಿದ್ದ ದಾರಿ ಇಲ್ಲದ ಫ್ಲಾಪಿ. ಫ್ಲಾಪಿ ಸುಳ್ಳು, ಅದರ 1.44 ಎಂಬಿ ಮಿತಿ ಮಾತ್ರ ಸತ್ಯ. ಹಗ್ಗ ಹಾವಲ್ಲವೆಂದು ತಿಳಿದ ಮೇಲೂ ಅದು ಕಚ್ಚಿದ್ದು ಬಹುಶಃ ವೇದಾಂತದಲ್ಲೂ ಇಲ್ಲ. ಎಂಟು ತುಂಡು ಮಾಡಿ, ಎಂಟು ಫ್ಲಾಪಿ ತುಂಬಿಸಿ, ಹೊರಗೆ ಜೋಡಿಸಿ ಪಿಡಿಎಫ್ ಮಾಡಿದೆ. ವಿಷಯ ತಿಳಿದ ಅಳಿಯ, "ಯಂತ್ರವನ್ನು ನಿಲ್ಲಿಸಿ, ಅದರ ಹಾರ್ಡ್‌ಡಿಸ್ಕ್ ಫೈಲನ್ನು ಹೊರಗಿನಿಂದಲೇ ತೆರೆಯಬಹುದಿತ್ತಲ್ಲ ಮಾಮ?" ಎಂದ. ನಾನು ಅವನ ಪರೀಕ್ಷೆಯ ಅಂಕಗಳ ಬಗ್ಗೆ ವಿಚಾರಿಸಿದೆ.

ಹತ್ತನೆಯ ಬೆಳಗ್ಗೆ ಪಿಡಿಎಫ್ ಬಂಧುಬಳಗದ ವಾಟ್ಸ್‌ಆಪ್ ಗುಂಪಿಗೆ ಹೋಯಿತು. ದೊಡ್ಡತ್ತೆ ಕೈಮುಗಿಯುವ ಚಿತ್ರ ಹನ್ನೆರಡು ಕಳಿಸಿದರು. ವಿಂಡೋಸ್ 98ನ್ನು ಮರ್ಯಾದೆಯಿಂದ ಮುಚ್ಚಿ, ಸಿ.ಡಿ.ಗೆ ಮತ್ತೆ ದಾರ ಕಟ್ಟುತ್ತಿದ್ದೆ. ಫೋನ್ ಬಂತು. ಚಿಕ್ಕತ್ತೆ.

"ಪುಸ್ತಿಕೆ ನೋಡಿದೆ ಕಂದಾ. ಅಕ್ಕ ಹುಟ್ಟಿದ್ದು 1947, ನಾನು 1945. ನಾನು ಯಾವಾಗ ಅವಳಿಗೆ ಅಕ್ಕನಾದೆ?"

ನಾನು ಮಾತಾಡಲಿಲ್ಲ.

"ನನ್ನದನ್ನು 1950 ಮಾಡಿಬಿಡು. ಎರಡು ನಿಮಿಷದ ಕೆಲಸವಂತೆ, ಅಕ್ಕ ಹೇಳಿದಳು."

ಚಿಕ್ಕಪ್ಪ ಹುಟ್ಟಿದ್ದು 1948ರಲ್ಲಿ. ದಾರ ಬಿಚ್ಚಿದೆ.