ಸಮುದ್ರದ ತಳದಲ್ಲಿ ಬರೋದು ಹೊಗೆ ಅಲ್ಲ, ಬೆಂಕಿನೂ ಅಲ್ಲ

ವಾಟ್ಸಾಪಲ್ಲಿ ಒಂದು ವಿಡಿಯೋ ಓಡಾಡ್ತಿದೆ, ಸಮುದ್ರದ ತಳದಲ್ಲಿ ಚಿಮಣಿ ತರ ಕಲ್ಲಿಂದ ದಟ್ಟ ಕಪ್ಪು ಹೊಗೆ ಬರ್ತಿರೋದು, ಕೆಳಗೆ "ನೀರೊಳಗೆ ಬೆಂಕಿ, ಸಮುದ್ರ ಕುದೀತಿದೆ" ಅಂತ ಬರೆದಿದಾರೆ. ದಯವಿಟ್ಟು ಹಂಗೇ ಫಾರ್ವರ್ಡ್ ಮಾಡ್ಬೇಡಿ.

ಅಲ್ಲಿ ಏನೂ ಉರೀತಿಲ್ಲ. ಸಮುದ್ರದ ನಡುವಿನ ಪರ್ವತಸಾಲಲ್ಲಿ ನೆಲ ಬಿರುಕು ಬಿಟ್ಟಿರುತ್ತೆ, ತಣ್ಣೀರು ಒಳಗೆ ಇಳಿದು ಶಿಲಾಪಾಕದ (ಭೂಮಿಯೊಳಗಿನ ಕರಗಿದ ಕಲ್ಲಿನ) ಬಿಸಿಗೆ ಕಾದು ಕಲ್ಲಿನಲ್ಲಿರೋ ಕಬ್ಬಿಣ ತಾಮ್ರ ಸತು ಎಲ್ಲ ಕರಗಿಸ್ಕೊಂಡು ಮೇಲೆ ನುಗ್ಗುತ್ತೆ, ಹೊರಗಿನ ಸುಮಾರು 2 ಡಿಗ್ರಿ ನೀರು ತಾಗಿದ ತಕ್ಷಣ ಆ ಲೋಹಗಳು ಗಂಧಕದ ಜೊತೆ ಸೇರಿ ಸಣ್ಣ ಸಣ್ಣ ಕಪ್ಪು ಕಣ ಆಗ್ಬಿಡುತ್ತೆ. ನಮ್ಗೆ ಹೊಗೆ ತರ ಕಾಣೋದು ಅದೇ ಕಣಗಳು.

ಕುದಿಯೋ ವಿಷ್ಯಕ್ಕೆ ಬಂದ್ರೆ, ನೀರು 350 ಡಿಗ್ರಿ ಇರ್ಬಹುದು, ಆದ್ರೆ 2500 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ರ ಸುಮಾರು 250 ಪಟ್ಟು, ಅದಕ್ಕೇ ಅಷ್ಟು ಬಿಸಿ ಇದ್ರೂ ಕುದಿಯಲ್ಲ.

ಇದು ಹೊಸದೂ ಅಲ್ಲ. 1977ರಲ್ಲೇ ಪೆಸಿಫಿಕ್ ಸಾಗರದ ಗಾಲಾಪಗೋಸ್ ದ್ವೀಪಗಳ ಹತ್ರ ಆಲ್ವಿನ್ ಅನ್ನೋ ಜಲಾಂತರ್ಗಾಮಿಯಲ್ಲಿ ಇಳಿದೋರು ಬಿಸಿನೀರ ಬುಗ್ಗೆ ನೋಡಿದ್ರು, ಕಪ್ಪು ಚಿಮಣಿಗಳು ಸಿಕ್ಕಿದ್ದು 1979ರಲ್ಲಿ, ಪೂರ್ವ ಪೆಸಿಫಿಕ್‌ನಲ್ಲಿ. ಬೆಳಕೇ ಇಲ್ಲದ ಆ ಕತ್ತಲಲ್ಲಿ ಬಾಯಿ ಹೊಟ್ಟೆ ಎರಡೂ ಇಲ್ಲದ ಕೊಳವೆಹುಳಗಳು ಮೈಯೊಳಗಿನ ಬ್ಯಾಕ್ಟೀರಿಯಾ ಮಾಡ್ಕೊಡೋ ಆಹಾರದಲ್ಲೇ ಬದುಕ್ತವೆ, ನಂಗಂತೂ ಬೆಂಕಿ ಕಥೆಗಿಂತ ಇದೇ ದೊಡ್ಡ ಅಚ್ಚರಿ.