ಜೀತದಿಂದ ಬಿಡಿಸಿದವರಿಗೆ ಮೊದಲ ವಾರವೇ ಕೌನ್ಸೆಲಿಂಗ್ ಕಡ್ಡಾಯ ಮಾಡಬೇಕಾ?

ಪರ: ಮಾಡಲೇಬೇಕು

ಶುಂಠಿ ಹೊಲದಲ್ಲೋ ಇಟ್ಟಿಗೆ ಗೂಡಿನಲ್ಲೋ ಮುಂಗಡದ ನೆಪ ಹೇಳಿ ಕೂಡಿಹಾಕಿದ್ದವರನ್ನು ಬಿಡಿಸಿದ ದಿನ ಏನಾಗುತ್ತದೆ ನೋಡಿ. ಪೊಲೀಸರು ಕೇಳುತ್ತಾರೆ, ತಹಶೀಲ್ದಾರರು ಕೇಳುತ್ತಾರೆ, ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಮತ್ತೆ ಅದೇ ಪ್ರಶ್ನೆ. ಬಿಡುಗಡೆ ಪತ್ರ ಸಿಕ್ಕರೆ ಬಸ್ ಹತ್ತಿಸಿ ಕಳಿಸಿದರೆ ಮುಗಿಯಿತು. ರಾತ್ರಿ ನಿದ್ದೆ ಬರುತ್ತದಾ ಅಂತ ಕೇಳೋರು ಯಾರೂ ಇಲ್ಲ.

ಸಾಗರದ ಕಡೆ ಹೀಗೆ ಬಿಡುಗಡೆಯಾದ ಒಬ್ಬರನ್ನು ನೋಡಿದ್ದೆ. ಅನ್ನ ಸಾರು ಬಡಿಸಿ ಮುಂದಿಟ್ಟರೂ ಯಾರಾದರೂ ‘ಉಣ್ಣಿ’ ಅನ್ನುವವರೆಗೆ ತಟ್ಟೆಗೆ ಕೈ ಹಾಕಲಿಲ್ಲ. ಹೊರಗೆ ಬೈಕ್ ಸದ್ದಾದರೆ ಸಾಕು, ಅರ್ಧ ಊಟ ಬಿಟ್ಟು ಎದ್ದು ನಿಲ್ಲೋರು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತದ ಸಾಲ ಅಲ್ಲಿಗೇ ರದ್ದು. ಆದರೆ ಸಾಲ ಇನ್ನೂ ಇದೆ, ಧಣಿ ಹುಡುಕಿಕೊಂಡು ಬರ್ತಾನೆ ಅನ್ನೋ ಭಯ ಪತ್ರ ಕೊಟ್ಟ ಮಾತ್ರಕ್ಕೆ ಹೋಗಲ್ಲ, ಯಾರಾದರೂ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಬೇಕು, ಹೇಳದಿದ್ದರೆ ಆ ಭಯಕ್ಕೇ ಅವರು ವಾಪಸ್ ಅದೇ ಹೊಲಕ್ಕೆ ಹೋಗಿಬಿಡಬಹುದು. ಹೆಂಗಸರ ಕಷ್ಟ ಇನ್ನೂ ಜಾಸ್ತಿ. ಪೊಲೀಸರ ಮುಂದೆ ಬಾಯಿಬಿಡಲಾಗದ್ದನ್ನು ಕೇಳಿಸಿಕೊಳ್ಳಲು ಒಬ್ಬ ಹೆಂಗಸು ಬೇಕು.

‘ಬೇಕಿದ್ದರೆ ಮಾಡಿ’ ಅಂದರೆ ನಮ್ಮ ಆಫೀಸುಗಳಲ್ಲಿ ಯಾರೂ ಮಾಡಲ್ಲ. ಅದಕ್ಕೇ ಕಡ್ಡಾಯ ಅನ್ನೋದು.

ವಿರೋಧ: ಸಹಾಯ ಬೇಕು, ಕಡ್ಡಾಯ ಬೇಡ

ಬಲವಂತದಲ್ಲೇ ಬದುಕಿದವರಿಗೆ ಬಿಡುಗಡೆಯಾದ ಮೇಲೂ ಮೊದಲು ಸಿಗೋದು ಇನ್ನೊಂದು ಬಲವಂತವಾ?

ಆಘಾತವಾದ ಕೂಡಲೇ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಅಂತ ಹಿಂದೆ ನಂಬಿದ್ದರು. ಅಂಥ ಒಂದೇ ಸಲದ ಮಾತುಕತೆಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆ 2002ರಲ್ಲಿ ಹೇಳಿದ್ದು ಬೇರೆ: ಇದರಿಂದ ಮುಂದಿನ ಕಾಯಿಲೆ ತಪ್ಪಲ್ಲ, ಕಡ್ಡಾಯ ಮಾಡೋದನ್ನು ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಕೂಡ ಮಾತಿಗೆ ಒತ್ತಾಯ ಮಾಡಬೇಡಿ ಅನ್ನುತ್ತದೆ. ಏನಾಗಿದೆ ನೋಡಿ, ಹೇಳಿದರೆ ಕೇಳಿ, ಬೇಕಾದ ಸಹಾಯ ಸಿಗೋ ಕಡೆ ದಾರಿ ಮಾಡಿಕೊಡಿ, ಅಷ್ಟೇ.

ಮೊದಲ ವಾರ ಅವರಿಗೆ ಬೇಕಾದದ್ದು ಬಿಸಿನೀರು, ನಿದ್ದೆ, ಊರಿಗೊಂದು ಫೋನು, ಮಕ್ಕಳು ಎಲ್ಲಿದ್ದಾರೆ ಅನ್ನೋ ಸುದ್ದಿ, ಕೈಯಲ್ಲಿ ದುಡ್ಡು. ಜೀತದಿಂದ ಬಿಡಿಸಿದವರ ಪುನರ್ವಸತಿಗೆ ಇರುವ ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು ಅಂತ 30,000 ರೂಪಾಯಿವರೆಗೆ ಕೊಡಬಹುದು. ಆ ದುಡ್ಡು ಬರದೆ ಬರೀ ಸಮಾಧಾನ ಹೇಳಿ ಏನು ಪ್ರಯೋಜನ? ಎದೆಬಡಿತ, ಕೆಟ್ಟ ಕನಸು ಮೊದಲ ದಿನಗಳಲ್ಲಿ ಸಹಜ. ಎಷ್ಟೋ ಜನರಿಗೆ ಮನೆಯವರ ಜೊತೆ ಇದ್ದೂ ಇದ್ದೂ ಕಡಿಮೆಯಾಗುತ್ತದೆ. ಡಾಕ್ಟರುಗಳೂ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಅಂತ ಹೆಸರಿಡೋದು ಲಕ್ಷಣಗಳು ಒಂದು ತಿಂಗಳು ದಾಟಿದ ಮೇಲೆಯೇ.

ಇನ್ನೊಂದು, ನಮ್ಮ ಹಳ್ಳಿಗಳಲ್ಲಿ ಕೌನ್ಸೆಲಿಂಗ್‌ನವರ ಜೀಪು ಮನೆ ಮುಂದೆ ನಿಂತರೆ ಸಂಜೆಯೊಳಗೆ ಇಡೀ ಕೇರಿ ‘ತಲೆ ಕೆಟ್ಟಿದೆಯಂತೆ’ ಅಂತ ಮಾತಾಡುತ್ತದೆ. ಆ ಹೆಸರು ಹೊತ್ತುಕೊಂಡು ಮರುದಿನ ಅಡಿಕೆ ಸುಲಿಯೋಕೆ ಯಾರ ಮನೆಗೆ ಹೋಗ್ತಾರೆ?

ಮನಸ್ಸಿನ ಕಷ್ಟಕ್ಕೆ ಅಂತ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಡಿ. ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ಮಾಮೂಲಿನಂತೆ ಮನೆಗೆ ಹೋಗಿ ನಿದ್ದೆ, ಊಟ, ಕುಡಿತ ಹೇಗಿದೆ ಅಂತ ವಿಚಾರಿಸಲಿ. ಆಗಲೂ ಕಷ್ಟ ಅಂದರೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ, ಬಸ್ ಚಾರ್ಜು ಸರ್ಕಾರವೇ ಕೊಡಲಿ.