ಬೋರ್ಡಿಗೆ ಬೇಕಾದ್ದು ವೇಗವಲ್ಲ, ಕಾಲಪ್ರಮಾಣ

ಒಂದೇ ಹಲಗೆಯ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಸ್ನೋಬೋರ್ಡಿಂಗಿಗೆಂದು ಯಾರೇ ಹಾಡಿನ ಪಟ್ಟಿ ಕೊಡಲಿ, ಅದರಲ್ಲಿ ಹೆಚ್ಚಾಗಿ ಎರಡೇ ಬಗೆ. ಗಿಟಾರ್ ಚಚ್ಚುವ ಪಂಕ್, ಇಲ್ಲವೇ ನಿಮಿಷಕ್ಕೆ 170 ಬೀಟ್ ದಾಟುವ ಡ್ರಮ್ ಆ್ಯಂಡ್ ಬಾಸ್ ಎಂಬ ಎಲೆಕ್ಟ್ರಾನಿಕ್ ಸಂಗೀತ. ಕಾರಣವಿಲ್ಲದೆ ಹೀಗಾಗಿಲ್ಲ. 1965ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಶರ್ಮನ್ ಪಾಪೆನ್ ಎರಡು ಸ್ಕೀಗಳನ್ನು ಜೋಡಿಸಿ ‘ಸ್ನರ್ಫರ್’ ಎಂಬ ಹಲಗೆ ಮಾಡಿದ ಮೇಲೆ ಈ ಆಟ ಬೆಳೆದದ್ದು ಸರ್ಫಿಂಗ್, ಸ್ಕೇಟ್‌ಬೋರ್ಡಿಂಗ್ ಹುಚ್ಚಿನ ಹುಡುಗರ ನಡುವೆ. ಅವರು ಕೇಳುತ್ತಿದ್ದದ್ದೇ ಆಟದ ಸಂಗೀತವೂ ಆಯಿತು. ಅದಕ್ಕಿಂತ ದೊಡ್ಡ ಕಾರಣ ವಿಡಿಯೊಗಳು. ಬೀಟ್ ಬಿದ್ದ ಗಳಿಗೆಗೆ ಸರಿಯಾಗಿ ಬೋರ್ಡ್ ಹಿಮ ಮುಟ್ಟುತ್ತದಲ್ಲ, ಅದು ಹಾರಿದವನ ಕೈಚಳಕವಲ್ಲ, ಸಂಕಲನಕಾರನದು. ಹಾರಿದವನ ಹಿಂದೆ ಹಾಡು ಸೇರಿದ್ದು ಆಮೇಲೆ, ಎಡಿಟಿಂಗ್ ಮೇಜಿನಲ್ಲಿ. ನಾವು ಅದನ್ನು ನೋಡಿ, ಮೊದಲು ಹಾಡು, ಆಮೇಲೆ ಹಾರಾಟ ಎಂದುಕೊಂಡು ಬಿಡುತ್ತೇವೆ.

ಹೊರನಾಡಿನಲ್ಲಿರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿ ದೊಡ್ಡವರಾದ ಮೇಲೆ ಬೋರ್ಡ್ ಹತ್ತಿದವರು. ಸ್ಕೇಟ್‌ಬೋರ್ಡಿನ ಬಾಲ್ಯ ನಮಗಿಲ್ಲ. ಆದರೆ ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸ ಎಷ್ಟೋ ಜನರಿಗೆ ಇದೆ. ಇಳಿಜಾರಿನಲ್ಲಿ ಎರಡನೆಯದೇ, ಅದು ಕಲಿಸುವ ಕಾಲಪ್ರಮಾಣವೇ (ಏರಿಳಿಯದೆ ಒಂದೇ ಸಮ ನಡೆಯುವ ಲಯ), ಹೆಚ್ಚು ಉಪಯೋಗಕ್ಕೆ ಬರುತ್ತದೆ ಎನ್ನುವುದು ನನ್ನ ವಾದ.

ಲೆಕ್ಕ ಹಾಕಿ ನೋಡಿ. ಮಧ್ಯಮಕಾಲದ ಆದಿತಾಳ ನಿಮಿಷಕ್ಕೆ 80 ಎಣಿಕೆಯಂತೆ ನಡೆದರೆ ಎಂಟು ಎಣಿಕೆಯ ಆವರ್ತಕ್ಕೆ 6 ಸೆಕೆಂಡ್. ತಾಳದ ಮೊದಲ ಭಾಗವಾದ ಲಘುವಿನ ನಾಲ್ಕು ಎಣಿಕೆಯಲ್ಲಿ ಟೋ ತಿರುವು (ಕಾಲ್ಬೆರಳ ಕಡೆಯ ಅಂಚಿನ ಮೇಲೆ), ಎರಡೆರಡು ಎಣಿಕೆಯ ಎರಡು ದ್ರುತಗಳಲ್ಲಿ ಹೀಲ್ ತಿರುವು (ಹಿಮ್ಮಡಿ ಕಡೆಯ ಅಂಚಿನ ಮೇಲೆ). ಒಂದೊಂದಕ್ಕೆ 3 ಸೆಕೆಂಡ್. ಹದವಾದ ಇಳಿಜಾರಿನಲ್ಲಿ ಅಗಲವಾಗಿ ತಿರುಗಲು ಇದು ಹೇಳಿ ಮಾಡಿಸಿದ ಅಳತೆ. ಮೊದಲ ಎಣಿಕೆಗೆ ತೂಕ ಮುಂಗಾಲಿಗೆ, ಬೋರ್ಡ್ ಚಪ್ಪಟೆ. ಎರಡಕ್ಕೆ ಬೋರ್ಡಿನ ಮೂಗು ಇಳಿಜಾರಿನ ನೇರಕ್ಕೆ ಬಂದು ಹೊಸ ಅಂಚು ಹಿಮ ಹಿಡಿಯಬೇಕು. ಮೂರಕ್ಕೆ ಮಂಡಿ ಬಾಗಿಸಿ ಒತ್ತಡ. ನಾಲ್ಕಕ್ಕೆ ಬೋರ್ಡ್ ಅಡ್ಡ ಬಂದು ಒತ್ತಡ ಸಡಿಲ. ಬೋರ್ಡ್ ಇನ್ನೂ ಅಡ್ಡವಿರುವಾಗಲೇ ಅವಸರದಲ್ಲಿ ಅಂಚು ಬದಲಿಸಿದರೆ ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿ ನೇರವಾಗಿ ಮುಖದ ಮೇಲೋ ಬೆನ್ನ ಮೇಲೋ ಬೀಳುವುದೇ. ಎಲೆಕ್ಟ್ರಾನಿಕ್ ಹಾಡಿನ ‘ಡ್ರಾಪ್’ ಕೊಡುವ ತೊಂದರೆ ಇದು. ಎಂಟು ಬಾರ್ (ಒಂದೊಂದರಲ್ಲಿ ನಾಲ್ಕು ಬೀಟ್) ಹೊತ್ತು ಕಾಯಿಸಿ, ಒಮ್ಮೆಲೇ ತಳ್ಳಿಬಿಡುತ್ತದೆ. ಆ ಹೊತ್ತಿಗೆ ನೀವು ತಿರುವಿನ ಎರಡನೆಯ ಎಣಿಕೆಯಲ್ಲಿದ್ದೀರೋ ನಾಲ್ಕನೆಯದರಲ್ಲೋ ಅದಕ್ಕೇನು ಗೊತ್ತು?

ಹಾಗಂತ ಡ್ರಮ್ ಆ್ಯಂಡ್ ಬಾಸ್ ಪ್ರಿಯರು ಮುನಿಸಿಕೊಳ್ಳಬೇಕಿಲ್ಲ. 174ರ ಹಾಡನ್ನು ಅರ್ಧಕ್ಕೆ ಎಣಿಸಿದರೆ 87. ಅಂದರೆ ನಮ್ಮ ಆದಿತಾಳದ ನೆರೆಮನೆಯೇ. ಪೂರ್ತಿ 174ಕ್ಕೇ ಕಾಲು ಕುಣಿಸಹೊರಟರೆ ನಾಲ್ಕು ಬೀಟಿಗೆ ಸಿಗುವುದು 1.4 ಸೆಕೆಂಡ್ ಮಾತ್ರ. ಕಡಿದಾದ ಕಿರಿದಾರಿಯಲ್ಲಿ ಗಿಡ್ಡ ತಿರುವು ಹಾಕಬಲ್ಲವರಿಗೆ ಅದು ಸಾಕು, ಉಳಿದವರಿಗೆ ಸಾಲದು. 120ರ ಹೌಸ್ ಎಂಬ ನೃತ್ಯಸಂಗೀತ ಎರಡರ ನಡುವೆ ನಿಲ್ಲುತ್ತದೆ. ನಾಲ್ಕು ಬೀಟಿಗೆ 2 ಸೆಕೆಂಡ್, ಉದ್ದಕ್ಕೂ ಒಂದೇ ನಡೆ. ಪಾಶ್ಚಾತ್ಯ ಬಗೆಗಳಲ್ಲಿ ನನ್ನ ಓಟು ಅದಕ್ಕೇ.

ಮಿಶ್ರಛಾಪಿನ ಮಾತೇ ಬೇರೆ. ಮೂರು ಮತ್ತು ನಾಲ್ಕು ಸೇರಿ ಏಳು, ಹಾಗಾಗಿ ಒಂದು ತಿರುವು ಚಿಕ್ಕದು, ಮತ್ತೊಂದು ಉದ್ದ. ಹೀಲ್ ಕಡೆ ತಿರುಗುವಾಗ ಬೋರ್ಡ್ ಕಡಕಡ ಕುಪ್ಪಳಿಸುವ ತೊಂದರೆ ಬಹಳ ಮಂದಿಗಿದೆ. ಮಂಡಿ ಬಾಗಿಸದೆ ಸೊಂಟವನ್ನಷ್ಟೇ ಹಿಂದಕ್ಕೆ ಕೂರಿಸುವುದು, ಒತ್ತಡವನ್ನೆಲ್ಲ ತಿರುವಿನ ಕೊನೆಗೆ ಉಳಿಸಿಕೊಂಡು ಒಟ್ಟಿಗೆ ಹಾಕುವುದು ಇದಕ್ಕೆ ಕಾರಣ. ಟೋ ತಿರುವಿಗೆ ಮೂರು, ಹೀಲ್ ತಿರುವಿಗೆ ನಾಲ್ಕು ಎಂದು ಹಂಚಿಕೊಂಡರೆ ಒತ್ತಡವನ್ನು ಎರಡನೆಯ ಎಣಿಕೆಯಿಂದಲೇ ಸ್ವಲ್ಪಸ್ವಲ್ಪವಾಗಿ ಏರಿಸಲು ಪುರುಸೊತ್ತು ಸಿಗುತ್ತದೆ. ಖಾಲಿ ಇರುವ ಅಗಲ ಇಳಿಜಾರಿನಲ್ಲಿ ಮಾತ್ರ ಮಾಡುವ ಅಭ್ಯಾಸ ಇದು. ಒಂದು ಕಡೆಗೆ ಹೆಚ್ಚು ಹೊತ್ತು ತಿರುಗುವುದರಿಂದ ನಿಧಾನವಾಗಿ ಇಳಿಜಾರಿನ ಅಂಚಿಗೆ ಸರಿಯುತ್ತೀರಿ.

ಇನ್ನೊಂದು ಎಚ್ಚರ. ಎಷ್ಟೋ ಕೃತಿಗಳ ಪಲ್ಲವಿ ತಾಳದ ಮೊದಲ ಘಾತ ಕಳೆದ ಮೇಲೆ ಎತ್ತುತ್ತದೆ. ಸಾಹಿತ್ಯದ ಮೊದಲಕ್ಷರ ಹಿಡಿದು ತಿರುಗಿದರೆ ಲೆಕ್ಕ ತಪ್ಪುತ್ತದೆ. ತಾಳ ಹಿಡಿಯಬೇಕು, ಹಾಡನ್ನಲ್ಲ.

ಹಿಂದೂಸ್ತಾನಿ ಪ್ರಿಯರಿಗೆ ಇದು ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಖಯಾಲ್ ಎಂಬ ಗಾಯನ ಪ್ರಕಾರದ ಹೆಚ್ಚುಗಾರಿಕೆಯೇ ಲಯ ಏರುತ್ತಾ ಹೋಗುವುದು. ದ್ರುತ್ (ವೇಗದ ಭಾಗ) ಮುಗಿಯುವ ಹೊತ್ತಿಗೆ, ಅಥವಾ ಸಿತಾರಿನ ಝಾಲಾದಲ್ಲಿ (ಕೊನೆಯ ಬಿರುಸಿನ ಮೀಟು), ಕಾಲು ತನಗೆ ತಾನೇ ಓಡತೊಡಗುತ್ತದೆ. ಇಳಿತದ ಕೊನೆಯಲ್ಲಿ ತೊಡೆ ಸೋತಿರುವಾಗ, ಕೆಳಗೆ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಬಳಿ ಜನ ಸೇರುವ ಕಡೆಯಲ್ಲೇ ವೇಗ ಏರಿದರೆ ಹೇಗೆ? ಕರ್ನಾಟಕ ಸಂಗೀತದಲ್ಲಿ ಒಂದು ಕೃತಿ ಹಿಡಿದ ಕಾಲಪ್ರಮಾಣವನ್ನು ಬಹುಮಟ್ಟಿಗೆ ಕೊನೆವರೆಗೂ ಬಿಡುವುದಿಲ್ಲ. ಆದರೆ ತಾಳವಾದ್ಯದವರೇ ನುಡಿಸುವ ತನಿ ಆವರ್ತನ ಮಾತ್ರ ಇಳಿಯುವಾಗ ಬೇಡ. ಮೃದಂಗದವರ ಮುಕ್ತಾಯ ಸಮಕ್ಕೆ (ತಾಳದ ಮೊದಲ ಘಾತಕ್ಕೆ) ಬಂತೋ ಇಲ್ಲವೋ ಎಂದು ಬೆರಳು ಮಡಚುವವರು ಎದುರಿನ ಕಂಬ ನೋಡುವುದಿಲ್ಲ. ತನಿ, ತಾಳವಿಲ್ಲದ ಆಲಾಪನೆ, ತಾನ ಎಲ್ಲವೂ ಲಿಫ್ಟಿನ ಕುರ್ಚಿಗೆ. ಇಳಿಯಲು ಕಲ್ಪನಾಸ್ವರವೋ ತಿಲ್ಲಾನವೋ ಇರಲಿ.

ಭಾವಗೀತೆ, ಸಿನಿಮಾ ಹಾಡು? ಮಾತೃಭಾಷೆಯ ಮಾತು ಕಿವಿಗೆ ಬಿದ್ದರೆ ಮನಸ್ಸು ಅದರ ಹಿಂದೆಯೇ ಹೋಗುತ್ತದೆ. ಅದಕ್ಕೇ ಇಳಿಜಾರಿಗೆ ವಾದ್ಯಸಂಗೀತ ಲೇಸು. ವಾದ್ಯಗಳಲ್ಲೂ ಆಯ್ಕೆ ಬೇಕು. ಗಾಳಿಯ ಮೊರೆತ ಬಹುಪಾಲು ಕೆಳಸ್ಥಾಯಿಯದು, ಹಾಗಾಗಿ ಅದು ಮೊದಲು ನುಂಗುವುದು ಬಾಸ್ ಗಿಟಾರನ್ನು, ಮೃದಂಗದ ಎಡಗೈ ಗುಂಕಾರವನ್ನು. ವೀಣೆಯ ಸೂಕ್ಷ್ಮ ಗಮಕವೂ ಉಳಿಯುವುದಿಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್, ಪಿಟೀಲು, ಘಟ ಇವು ಗಾಳಿಯನ್ನು ಸೀಳಿಕೊಂಡು ಬರುತ್ತವೆ. ಸದ್ದು ಹೆಚ್ಚಿಸದೆ ಕೇಳಬೇಕಾದರೆ ಈ ಆಯ್ಕೆಯೇ ದಾರಿ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಕೇಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ ಎಂಬುದು ಕಿವಿಯ ಸುರಕ್ಷತೆಯ ಲೆಕ್ಕ.

ಈಗ ಕಿವಿಯ ವಿಷಯ. ಎರಡೂ ಕಿವಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಶನ್ನಿನ ಹತ್ತು ನಿಯಮಗಳಲ್ಲಿ ಮೂರನೆಯದು, ಹಿಂದಿನಿಂದ ಬರುವವನೇ ಮುಂದಿನವನಿಗೆ ಅಪಾಯವಾಗದ ದಾರಿ ಹಿಡಿಯಬೇಕು ಎನ್ನುತ್ತದೆ. ಸರಿ, ಆದರೆ ಅವನು ಕೂಗಿದ್ದಾದರೂ ಕೇಳಿಸಬೇಡವೇ? ಯಾವ ಕಿವಿ ತೆರೆದಿರಬೇಕು ಎಂಬುದು ಯಾವ ಕಾಲು ಮುಂದಿದೆ ಎಂಬುದರ ಮೇಲೆ ನಿಂತಿದೆ. ಎಡಗಾಲು ಮುಂದಿಡುವ ರೆಗ್ಯುಲರ್ ಸವಾರನ ಎದೆ ದಾರಿಯ ಬಲಕ್ಕೆ, ಬೆನ್ನು ಎಡಕ್ಕೆ. ಕಣ್ಣಿಗೆ ಕಾಣದ ಕಡೆ ಎಡ, ಹೀಲ್ ತಿರುವಿನಲ್ಲಿ ಅವನು ಹೊರಳುವುದೂ ಎಡಕ್ಕೇ. ಹಾಗಾಗಿ ಅವನ ಎಡಗಿವಿ ತೆರೆದಿರಬೇಕು, ಇಯರ್‌ಬಡ್ ಬಲಗಿವಿಗೆ. ಬಲಗಾಲು ಮುಂದಿಡುವ ಗೂಫಿ ಸವಾರನಿಗೆ ಇದು ತಿರುವುಮುರುವು. ಒಂದೇ ಕಿವಿಯಲ್ಲಿ ಕೇಳುವವರು ಫೋನಿನ ಅಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೊ ಆಡಿಯೊ ಆನ್ ಮಾಡಬೇಕು. ಇಲ್ಲದಿದ್ದರೆ ಸ್ಟೀರಿಯೊ ಧ್ವನಿಮುದ್ರಣದಲ್ಲಿ ಪಿಟೀಲು ಒಂದು ಕಡೆ, ಮೃದಂಗ ಇನ್ನೊಂದು ಕಡೆ ಇದ್ದು, ಬೇಕಾದ ಲಯವೇ ಖಾಲಿ ಕಿವಿಯ ಪಾಲಾಗುತ್ತದೆ.

ಹೆಲ್ಮೆಟ್ಟಿನ ಕಿವಿಪಟ್ಟಿಯೊಳಗೆ ತೂರಿಸುವ ಚಪ್ಪಟೆ ಸ್ಪೀಕರುಗಳು ಇನ್ನೊಂದು ದಾರಿ. ಕಿವಿ ಮುಚ್ಚುವುದಿಲ್ಲ, ದಪ್ಪ ಗ್ಲೌಸಿನಲ್ಲೇ ಗುಂಡಿ ಒತ್ತಬಹುದು. ಆದರೆ ನಾದ ತೆಳು. ಬಡ್‌ಗಳಲ್ಲಿ ನಾದ ಚೆನ್ನ, ಕಿವಿಪಟ್ಟಿ ಒತ್ತಿ ಒತ್ತಿ ಮಧ್ಯಾಹ್ನದ ಹೊತ್ತಿಗೆ ನೋವು. ಬಿಳಿ ಬಣ್ಣದ್ದನ್ನು ಕೊಂಡವರು ಅದು ಹಿಮದಲ್ಲಿ ಬಿದ್ದರೆ ಹುಡುಕುವ ಆಸೆ ಬಿಡಬಹುದು. ಫೋನ್ ಒಳಜೇಬಿನಲ್ಲಿ ಮೈಗೆ ಹತ್ತಿರವಿರಲಿ. ಚಳಿಗೆ ಲಿಥಿಯಂ ಬ್ಯಾಟರಿಯ ಒಳನಿರೋಧ ಏರಿ, ಚಾರ್ಜ್ ಇದ್ದರೂ ಫೋನ್ ಆಫ್ ಆಗುತ್ತದೆ. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ. ಸದ್ದಿನ ಮಟ್ಟವನ್ನು ಲಿಫ್ಟಿನ ಸಾಲಿನಲ್ಲಿ ನಿಂತಾಗಲೇ ಪಕ್ಕದವರ ಮಾತು ಕೇಳುವಷ್ಟಕ್ಕೆ ಹೊಂದಿಸಿ, ಆಮೇಲೆ ಮುಟ್ಟಬೇಡಿ.

ಹಾಫ್‌ಪೈಪ್ (ಅರ್ಧಕೊಳವೆಯಂಥ ಹಿಮದ ಕಾಲುವೆ) ಸ್ಪರ್ಧೆಯಲ್ಲಿ ಬಡ್ ಹಾಕಿಕೊಂಡೇ ಇಳಿಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ದಾರಿ ಮುಚ್ಚಿರುತ್ತದೆ, ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತಾರೆ, ಹಿಂದಿನಿಂದ ಬರುವವರೇ ಇಲ್ಲ. ಇನ್ನೂ ಅಂಚು ಹಿಡಿಯಲು ಕಲಿಯುತ್ತಿರುವವರಿಗಂತೂ ಸಂಗೀತವೇ ಬೇಡ. ಅಂಚು ಸರಿಯಾಗಿ ಹಿಮ ಕೊರೆದರೆ ಬರುವ ಸಣ್ಣ ‘ಸುಯ್’, ಜಾರಿದರೆ ಬರುವ ‘ಕರ್’, ಗಟ್ಟಿ ಮಂಜುಗಡ್ಡೆಯ ಮೇಲಿನ ಗರಗಸದ ಸದ್ದು, ಇವು ಕಿವಿಗೆ ಗುರುತಾಗುವವರೆಗೆ ಬೋರ್ಡನ್ನೇ ಕೇಳಲಿ.

ಕಾಡಿನ ಮರಗಳ ನಡುವೆ, ರೆಸಾರ್ಟಿನ ಗಡಿ ದಾಟಿದ ಕಚ್ಚಾ ಹಿಮದಲ್ಲಿ ಸಂಗೀತದ ರಿಯಾಯಿತಿ ಯಾರಿಗೂ ಇಲ್ಲ. ಮರದ ಬುಡದ ಸಡಿಲ ಹಿಮದ ಗುಂಡಿಗೆ ಜೊತೆಗಾರ ತಲೆಕೆಳಗಾಗಿ ಬಿದ್ದರೆ ಕೂಗೇ ಗುರುತು. ಕಾಲಡಿಯ ಹಿಮದ ಪದರ ‘ವುಂಫ್’ ಎಂದು ಕುಸಿದರೆ ಅದು ಹಿಮಕುಸಿತದ ಮುನ್ಸೂಚನೆ. ಅದೂ ಸಾಲದೆಂಬಂತೆ ಫೋನ್, ಬ್ಲೂಟೂತ್ ಬಡ್‌ಗಳು ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚಲು ಮೈಮೇಲೆ ಧರಿಸುವ ಅವಲಾಂಚ್ ಟ್ರಾನ್ಸ್‌ಸೀವರ್‌ನ ಸಂಕೇತವನ್ನು ಕೆಡಿಸಬಲ್ಲವು. ಸಾಧನ ಸಂಕೇತ ಕಳಿಸುವ ಸ್ಥಿತಿಯಲ್ಲಿದ್ದಾಗ ಕನಿಷ್ಠ 20 ಸೆಂಟಿಮೀಟರ್, ಹುಡುಕುವ ಸ್ಥಿತಿಯಲ್ಲಿದ್ದಾಗ 50 ಸೆಂಟಿಮೀಟರ್ ದೂರವಿಡಬೇಕು. ಬಡ್‌ಗಳನ್ನು ಹೊರಡುವ ಮೊದಲೇ ಆಫ್ ಮಾಡಿ ಡಬ್ಬಿಯೊಳಗಿಟ್ಟು, ಚೀಲದ ತಳಕ್ಕೆ ಹಾಕಿಬಿಡಿ.